ಒಬ್ಬರು ಜಾಸ್ತಿ, ಒಬ್ಬರು ಕಮ್ಮಿ

ಎರಡನೇ ಕ್ಲಾಸಿನ ಬಾಗಿಲಲ್ಲಿ ಅಂಗೈಯಗಲದ ಒಂದು ಗಾಜಿತ್ತು. ಪಾಠ ಮಾಡುವಾಗ ಹೊಸ ಮಿಸ್‌ನ ಒಂದು ಕಣ್ಣು ಮಕ್ಕಳ ಮೇಲಿದ್ದರೆ ಇನ್ನೊಂದು ಆ ಗಾಜಿನ ಮೇಲೆ. ಯಾವ ಗಳಿಗೆಯಲ್ಲಾದರೂ ಅಲ್ಲಿ ದೊಡ್ಡ ಮಿಸ್‌ರ ಕನ್ನಡಕ ಮೂಡಬಹುದಿತ್ತು. ಮೂಡಿತೆಂದರೆ ಹೊಸ ಮಿಸ್‌ನ ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಅಂಟುತ್ತಿತ್ತು. ಶಾಲೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಖಾಯಂ ಆಗಿರಲಿಲ್ಲ.

ದೊಡ್ಡ ಮಿಸ್ ಶಾಲೆಯ ಮುಖ್ಯಸ್ಥೆ. ಅವರ ಪ್ರಕಾರ ಒಳ್ಳೆಯ ಕ್ಲಾಸು ಎಂದರೆ ಕಾರಿಡಾರಿನಲ್ಲಿ ನಿಂತರೆ ಪೆನ್ಸಿಲ್ಲು ಕಾಗದದ ಮೇಲೆ ಓಡುವ ಸದ್ದು ಮಾತ್ರ ಕೇಳಿಸುವ ಕ್ಲಾಸು. ಹೊಸ ಮಿಸ್‌ನ ಲೆಕ್ಕದ ಪೀರಿಯಡ್ಡಿನಲ್ಲಿ ಆ ಸದ್ದೊಂದನ್ನು ಬಿಟ್ಟು ಉಳಿದೆಲ್ಲ ಕೇಳಿಸುತ್ತಿತ್ತು. ಉತ್ತರ ಎಷ್ಟು ಎಂದು ಅವಳು ಕೇಳುತ್ತಿದ್ದದ್ದೇ ಕಡಿಮೆ. "ಹೇಗೆ ಗೊತ್ತಾಯ್ತು? ಹೇಳು, ಎಲ್ಲರೂ ಕೇಳಿಸ್ಕೊಳ್ಲಿ" ಎನ್ನುವುದು ಅವಳ ಮಾತು.

"ಎಂಟೂ ಏಳೂ ಹದಿನೈದು ಅಂದ್ಯಲ್ಲ, ಹೇಗೆ?"

"ಏಳೂ ಏಳೂ ಹದಿನಾಲ್ಕು ಗೊತ್ತಿತ್ತು ಮಿಸ್. ಮೇಲೊಂದು ಹಾಕ್ದೆ."

"ನಾನು ಹಾಗ್ಮಾಡ್ಲಿಲ್ಲ. ಏಳರಿಂದ ಎರಡು ಕಿತ್ಕೊಂಡು ಎಂಟಕ್ಕೆ ಕೊಟ್ಟೆ. ಹತ್ತಾಯ್ತು. ಐದು ಉಳೀತು."

"ಪಾಪ, ಏಳರ ಹತ್ರ ಯಾಕೋ ಕಿತ್ಕೊಂಡೆ?" ಎಂದು ಹಿಂದಿನ ಬೆಂಚಿನಿಂದ ಒಂದು ಗಂಟಲು ಎದ್ದಿತು. "ಅದು ಅಳಲ್ವಾ?"

ಆ ಗಂಟಲು ಚಿನಕುರಳಿಯದು. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಬೇರೆಯೇ ಇತ್ತು. ಶಾಲೆಯಲ್ಲಿ ಮಾತ್ರ ಗಂಟೆ ಹೊಡೆಯುವ ತಾತನಿಂದ ಹಿಡಿದು ಎಲ್ಲರಿಗೂ ಅವಳು ಚಿನಕುರಳಿ. ಬಾಯಿ ತೆರೆದರೆ ಪಟಪಟ ಸಿಡಿಯುವವಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಅವಳಿದ್ದಾಳೋ ಇಲ್ಲವೋ ಎಂದು ನೋಡಲು ತಲೆ ಎತ್ತಬೇಕಾಗಿಯೇ ಇರಲಿಲ್ಲ.

ಅವಳಿಗೆ ತದ್ವಿರುದ್ಧವಾಗಿ ಕಿಟಕಿ ಪಕ್ಕ ಕೂರುವವಳು ಪಿಸಿಪಿಸಿ. ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಏನಾದರೂ ಬೇಕಿದ್ದರೆ ಪಕ್ಕದವಳ ಕಿವಿಗೆ ಪಿಸುಗುಟ್ಟುತ್ತಿದ್ದಳು, ಪಕ್ಕದವಳು ಅದನ್ನು ಮಿಸ್‌ಗೆ ಮುಟ್ಟಿಸುತ್ತಿದ್ದಳು. ತಪ್ಪು ಹೇಳಿಬಿಟ್ಟರೆ ಎಂಬ ಹೆದರಿಕೆ ಆ ಮಗುವಿನ ಹೆಗಲಿನಲ್ಲೇ ಕಾಣುತ್ತಿತ್ತು; ಯಾರಾದರೂ ಹೆಸರು ಹಿಡಿದು ಕರೆದರೆ ಹೆಗಲು ಕಿವಿಯವರೆಗೆ ಏರುತ್ತಿತ್ತು. ಹೊಸ ಮಿಸ್‌ಗೆ ಆ ಹೆಗಲಿನ ಪರಿಚಯ ಚೆನ್ನಾಗಿತ್ತು. ಅದಕ್ಕೇ ಪ್ರತಿ ಪೀರಿಯಡ್ಡಿನ ಕೊನೆಗೆ ಎಲ್ಲರಿಗೂ ಅರ್ಧರ್ಧ ಹಾಳೆ ಕೊಡುತ್ತಿದ್ದಳು. "ತಲೇಲಿ ಏನು ಓಡ್ತೋ ಅದನ್ನ ಬರೀರಿ. ಬರೆಯೋಕೆ ಬರದಿದ್ರೆ ಚಿತ್ರ ಹಾಕಿ." ಪಿಸಿಪಿಸಿಯ ಹಾಳೆ ಯಾವತ್ತೂ ತುಂಬಿರುತ್ತಿತ್ತು. ಚುಕ್ಕಿ, ಬಾಣ, ಸಣ್ಣ ಸಣ್ಣ ವಾಕ್ಯ. ಬಾಯಲ್ಲಿ ಬಾರದ್ದೆಲ್ಲ ಅಲ್ಲಿರುತ್ತಿತ್ತು.

ಒಂದು ದಿನ ಬೆಳಗ್ಗೆ ನಡೆದದ್ದು ಜೋಡಿ ಲೆಕ್ಕ. ಸಮ, ಬೆಸ ಎಂಬ ಮಾತನ್ನು ಹೊಸ ಮಿಸ್ ಬೋರ್ಡಿನ ಮೇಲೆ ಬರೆಯುವ ಮೊದಲೇ ಪ್ರಶ್ನೆ ಎಸೆದಿದ್ದಳು.

"ನಮ್ಮ ಕ್ಲಾಸಲ್ಲಿ ಎಲ್ಲರೂ ಒಬ್ಬೊಬ್ಬರ ಕೈ ಹಿಡಿದು ನಿಂತ್ರೆ ಯಾರಾದ್ರೂ ಉಳೀತಾರಾ? ಎದ್ದು ನಿಲ್ಲೋ ಹಾಗಿಲ್ಲ. ಕೂತಲ್ಲೇ ಹೇಳ್ಬೇಕು."

"ಇವತ್ತು ಎಲ್ಲಾ ಬಂದಿದ್ದೀವಿ ಮಿಸ್, ಇಪ್ಪತ್ತೆರಡು."

"ಇಪ್ಪತ್ತಂದ್ರೆ ಹತ್ತು ಜೋಡಿ. ಇನ್ನೆರಡು ಮತ್ತೊಂದು ಜೋಡಿ. ಯಾರೂ ಉಳಿಯಲ್ಲ!"

"ಒಬ್ಬರಿಗೆ ಜ್ವರ ಬಂದ್ರೆ?"

"ಆಗ ಒಬ್ಬರು ಒಂಟಿ!" ಚಿನಕುರಳಿ ಬೆಂಚು ಹತ್ತಿಬಿಟ್ಟಿದ್ದಳು. "ಒಂಟಿ! ಒಂಟಿ! ಒಂಟಿ ಆದವರು ಮಿಸ್ ಕೈ ಹಿಡ್ಕೋಬೇಕು!"

ಕ್ಲಾಸಿಗೆ ಕ್ಲಾಸೇ "ಒಂಟಿ! ಒಂಟಿ!" ಎಂದು ಕೂಗತೊಡಗಿತು. ಹೊಸ ಮಿಸ್ ನಗುತ್ತಾ ತಿರುಗಿದಾಗ ಗಾಜಿನಲ್ಲಿ ಕನ್ನಡಕ ಇತ್ತು.

ಬಾಗಿಲು ತೆರೆಯಿತು. ಕೂಗು ಕತ್ತರಿಸಿದಂತೆ ನಿಂತಿತು.

"ಇದು ಕ್ಲಾಸೋ, ಬಸ್ ಸ್ಟ್ಯಾಂಡೋ?" ದೊಡ್ಡ ಮಿಸ್ ದನಿ ಏರಿಸುವವರಲ್ಲ. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. "ಪಕ್ಕದಲ್ಲಿ ಪರೀಕ್ಷೆ ನಡೀತಿದೆ. ಲೆಕ್ಕ ಮಾಡೋದು ಕೈಯಲ್ಲಿ, ಬಾಯಲ್ಲಲ್ಲ. ತಿಂಗಳ ಕೊನೆಗೆ ಶಾಲೆ ಕಮಿಟಿಯವರು ನಿಮ್ಮ ಕೆಲಸದ ವಿಷಯ ಕೇಳ್ತಾರೆ. ನಾನೇನು ಹೇಳ್ಲಿ ಅಂತ ನೀವೇ ಯೋಚ್ನೆ ಮಾಡಿ."

ಅವರು ಹೋದ ಮೇಲೂ ಹೊಸ ಮಿಸ್‌ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಹೆದರಿದವರ ಸಿಟ್ಟು ಎಲ್ಲಿ ಇಳಿಯಬಾರದೋ ಅಲ್ಲೇ ಇಳಿಯುತ್ತದೆ. ಅವಳದು ಬೆಂಚಿನ ಮೇಲೆ ಇನ್ನೂ ನಿಂತಿದ್ದ ಚಿನಕುರಳಿಯ ಮೇಲೆ ಇಳಿಯಿತು.

"ಇಳಿ ಕೆಳಗೆ! ಎಲ್ಲಾ ನಿನ್ನಿಂದಾನೇ. ಈ ಲೆಕ್ಕದ ಮಣಿ ಬುಟ್ಟಿ ತಗೊಂಡು ಹೋಗಿ ನಕ್ಷೆ ಕೋಣೇಲಿಡು. ಅಲ್ಲೇ ಕೂತಿರು. ನಾನು ಕರೆಯೋ ತನಕ ಬಾಯಿಂದ ಒಂದು ಮಾತು ಬರಕೂಡದು. ತಿಳೀತಾ?"

ಚಿನಕುರಳಿ ಕಣ್ಣರಳಿಸಿ ನೋಡಿದಳು. ಈ ಮಿಸ್ ಹೀಗೆ ಬೈಯುವುದುಂಟೇ ಎಂಬಂತೆ. ಆಮೇಲೆ ಬುಟ್ಟಿ ಅಪ್ಪಿಕೊಂಡು ಕಾರಿಡಾರಿನ ತುದಿಯ ಕೋಣೆಯತ್ತ ನಡೆದಳು.

ಉಳಿದವರಿಗೆ ಹೊಸ ಮಿಸ್ ಬೋರ್ಡಿನ ತುಂಬ ಲೆಕ್ಕ ಬರೆದಳು. "ಕಾಪಿ ಮಾಡ್ಕೊಳ್ಳಿ. ಮಾತಿಲ್ಲ." ಪೆನ್ಸಿಲ್ಲುಗಳು ಓಡತೊಡಗಿದವು. ಸ್ವಲ್ಪ ಹೊತ್ತು ಬಿಟ್ಟು ಆ ಹುಡುಗಿಯನ್ನು ಕರೆಯಬೇಕು, ಒಳ್ಳೆಯ ಮಾತು ಹೇಳಬೇಕು ಎಂದುಕೊಂಡಳು. ಆದರೆ ಮನಸ್ಸು ಕಮಿಟಿಯ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. ಏನು ಕೇಳುತ್ತಾರೆ, ಏನು ಹೇಳಲಿ, ಇಲ್ಲಿಂದ ಕಳಿಸಿದರೆ ಮನೆಯಲ್ಲಿ ಯಾವ ಮುಖ ಹೊತ್ತು ನಿಲ್ಲಲಿ.

ಮೊದಲು ಬಂದದ್ದು ವಾಸನೆ. ಪ್ಲಾಸ್ಟಿಕ್ ಸುಟ್ಟಂಥ ಕಟು ವಾಸನೆ. ಆಮೇಲೆ ದೀಪ, ಫ್ಯಾನು ಒಟ್ಟಿಗೆ ನಿಂತವು. ಅದರ ಬೆನ್ನಿಗೇ ಗಂಟೆ. ಪೀರಿಯಡ್ಡಿನ ಗಂಟೆಯಂತೆ ಅಲ್ಲ, ಹುಚ್ಚು ಹಿಡಿದಂತೆ ಬಡಿಯುತ್ತಲೇ ಇತ್ತು.

ಹೊಸ ಮಿಸ್ ಬಾಗಿಲು ತೆರೆದಳು. ಮೆಟ್ಟಿಲಿನ ಬುಡದಲ್ಲಿದ್ದ ಕರೆಂಟಿನ ಕೋಣೆಯಿಂದ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಮೇಲೆ ಬರುತ್ತಿತ್ತು. ಮೇಲಿನ ಮಹಡಿಯ ಮಕ್ಕಳೆಲ್ಲ ಇಳಿಯಬೇಕಾದದ್ದು ಆ ಮೆಟ್ಟಿಲಿನಲ್ಲೇ.

"ಪುಸ್ತಕ ಬಿಡಿ, ಚೀಲ ಬಿಡಿ! ಪಕ್ಕದಲ್ಲಿ ಯಾರಿದ್ದಾರೋ ಅವರ ಕೈ ಹಿಡೀರಿ! ಏನೇ ಆದ್ರೂ ಕೈ ಬಿಡಬೇಡಿ!"

ಪರೀಕ್ಷೆಯ ದೊಡ್ಡ ಮಕ್ಕಳು ಒಂದು ಕಡೆಯಿಂದ ನುಗ್ಗಿದರು. ಯಾರದೋ ಮೊಣಕೈ, ಯಾರದೋ ಕೆಮ್ಮು, ಯಾರೋ ಅಮ್ಮಾ ಎಂದು ಚೀರುತ್ತಿದ್ದರು. ಹೊಸ ಮಿಸ್ ಕೊನೆಯವಳಾಗಿ ಇಳಿದಳು. ಸಿಕ್ಕ ಸಿಕ್ಕ ಪುಟ್ಟ ಬೆನ್ನುಗಳನ್ನು ಮುಂದೆ ತಳ್ಳುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಹೇಗೆ ಅಂಗಳ ಮುಟ್ಟಿದಳೋ ಅವಳಿಗೇ ತಿಳಿಯಲಿಲ್ಲ.

ಅಂಗಳದಲ್ಲಿ ಕ್ಲಾಸುಗಳೆಲ್ಲ ಸಾಲಾಗಿ ನಿಂತವು. ಶಿಶುವಿಹಾರದ ಮಕ್ಕಳು ಒಂದೇ ಸಮನೆ ಅಳುತ್ತಿದ್ದರು. ದೊಡ್ಡ ಮಿಸ್ ಸಾಲಿನಿಂದ ಸಾಲಿಗೆ ಬರುತ್ತಿದ್ದರು. ಕೈಯಲ್ಲಿ ಹಾಜರಿ ಹಾಳೆ.

ಹೊಸ ಮಿಸ್ ತಲೆ ಮುಟ್ಟಿ ಮುಟ್ಟಿ ಎಣಿಸಿದಳು. ಇಪ್ಪತ್ತೆರಡು. ಜೀವ ಬಂದಂತಾಯಿತು.

"ಎರಡನೇ ಕ್ಲಾಸು?"

"ಇಪ್ಪತ್ತೆರಡು. ಎಲ್ಲಾ ಇದ್ದಾರೆ."

ದೊಡ್ಡ ಮಿಸ್ ಗುರುತು ಹಾಕಿಕೊಂಡರು. "ನಿಮ್ಮ ಸಾಲೇ ಶಾಂತವಾಗಿದೆ" ಎಂದರು ಮುಂದೆ ಹೋಗುತ್ತಾ. ಆ ಹೊತ್ತಿನಲ್ಲೂ ಹೊಸ ಮಿಸ್‌ಗೆ ಆ ಮಾತು ಹಿತವೆನಿಸಿತು. ಆ ಶಾಂತಿ ಎಲ್ಲಿಂದ ಬಂತೆಂದು ಅವಳು ಯೋಚಿಸಲಿಲ್ಲ. ಬೆಳಗಿನದೆಲ್ಲ ಅವಳ ತಲೆಯಿಂದ ಅಳಿಸಿಹೋಗಿತ್ತು. ಇಪ್ಪತ್ತೆರಡು ಎಂಬ ಸಂಖ್ಯೆಯನ್ನು ಅವಳು ಮುಳುಗುವವಳು ಹಲಗೆ ಹಿಡಿದಂತೆ ಹಿಡಿದಿದ್ದಳು.

ಸಾಲಿನ ಕೊನೆಯಲ್ಲಿ ಪಿಸಿಪಿಸಿ ಕುಕ್ಕರುಗಾಲಿನಲ್ಲಿ ಕೂತು ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದಳು.

"ಏಳು ಮಗೂ. ಇದು ಆಡೋ ಹೊತ್ತಾ? ಸಾಲಲ್ಲಿ ನಿಲ್ಲು."

ಪಿಸಿಪಿಸಿ ಏಳಲಿಲ್ಲ. ಹೆಗಲು ಕಿವಿಗೇರಿತು, ಬೆರಳು ಮಾತ್ರ ನಿಲ್ಲಲಿಲ್ಲ. ಹೊಸ ಮಿಸ್ ಅವಳ ರಟ್ಟೆಗೆ ಕೈ ಹಾಕಿದಳು. ಹಾಕಿದವಳು ನೆಲ ನೋಡಿದಳು.

ಮಣ್ಣಿನಲ್ಲಿ ಚುಕ್ಕಿಗಳಿದ್ದವು. ಎರಡೆರಡು, ಎರಡೆರಡು, ಒಂದರ ಹಿಂದೊಂದು. ನಡುವೆ ಒಂದು ಕಡೆ ಮಾತ್ರ ಮೂರು ಚುಕ್ಕಿ. ಎಲ್ಲಕ್ಕಿಂತ ಕೊನೆಯಲ್ಲಿ ಒಂದೇ ಒಂದು.

"ಏನಿದು?"

ಪಿಸಿಪಿಸಿ ಅಕ್ಕಪಕ್ಕ ನೋಡಿದಳು. ಪಿಸುಗುಟ್ಟಲು ಯಾರ ಕಿವಿಯೂ ಹತ್ತಿರದಲ್ಲಿರಲಿಲ್ಲ.

"ಒಬ್ಬರು ಜಾಸ್ತಿ ಇದ್ದಾರೆ ಮಿಸ್" ಎಂದಳು. ಸಣ್ಣ, ಒರಟು ದನಿ. ಬಳಸದೆ ಇಟ್ಟ ಬೀಗದಂತೆ. "ಒಬ್ಬರು ಕಮ್ಮಿ ಇದ್ದಾರೆ."

"ನಾನು ಎಣಿಸಿದ್ನಲ್ಲ? ಸರಿಯಾಗಿದೆ. ನಿಂಗೆ ಹೇಗೆ..." ಹೊಸ ಮಿಸ್‌ನ ಬಾಯಲ್ಲಿ ಮಾತು ಅಲ್ಲಿಗೇ ನಿಂತಿತು. ದಿನಾ ಕೇಳುವ ಪ್ರಶ್ನೆಯೇ ಅದು. "ಹೇಗೆ ಗೊತ್ತಾಯ್ತು? ಹೇಳು."

"ಇಪ್ಪತ್ತೆರಡಂದ್ರೆ ಎಲ್ಲರಿಗೂ ಜೋಡಿ ಇರ್ಬೇಕು. ನಂಗಿಲ್ಲ." ಖಾಲಿ ಕೈ ಮುಂದೆ ಚಾಚಿದಳು. "ಆ ಪಾಪು ನಮ್ಮ ಕ್ಲಾಸಲ್ಲ. ಅವ್ನನ್ನ ತೆಗೆದ್ರೆ ಇಪ್ಪತ್ತೊಂದು."

ಹೊಸ ಮಿಸ್ ಸಾಲಿನುದ್ದಕ್ಕೂ ನೋಡಿದಳು. ನಡುವೆ ಇಬ್ಬರು ಹುಡುಗಿಯರು. ಅವರಲ್ಲೊಬ್ಬಳ ಅಂಗಿ ಕಚ್ಚಿ ಹಿಡಿದು ಅಳುತ್ತಾ ನಿಂತಿದ್ದ ಅವಳ ತಮ್ಮ, ಶಿಶುವಿಹಾರದವನು. ಗದ್ದಲದಲ್ಲಿ ಅಕ್ಕನನ್ನು ಹುಡುಕಿಕೊಂಡು ಬಂದಿದ್ದ. ಅವನ ತಲೆಯನ್ನೂ ಹೊಸ ಮಿಸ್ ಮುಟ್ಟಿ ಎಣಿಸಿದ್ದಳು.

ಇಪ್ಪತ್ತೊಂದು. ಹಾಗಾದರೆ ಯಾರು?

ಸಾಲು ಶಾಂತವಾಗಿತ್ತು. ಒಬ್ಬರೂ ಸಿಡಿಯುತ್ತಿರಲಿಲ್ಲ.

"ಅಯ್ಯೋ" ಎಂಬ ಶಬ್ದ ಹೊಸ ಮಿಸ್‌ನ ಬಾಯಿಂದ ಬಂತು. ಅವಳು ಓಡಿಹೋಗಿ ದೊಡ್ಡ ಮಿಸ್‌ರ ಕೈ ಹಿಡಿದಳು.

"ಒಬ್ಬಳು ಮೇಲಿದ್ದಾಳೆ. ನಕ್ಷೆ ಕೋಣೇಲಿ. ನಾನೇ ಕಳಿಸಿದ್ದೆ."

"ಇಪ್ಪತ್ತೆರಡು ಅಂದ್ರಲ್ಲ!"

"ತಪ್ಪು ಎಣಿಸ್ದೆ. ನಾನು ಹೋಗ್ತೀನಿ, ಬಿಡಿ ನನ್ನ..."

ಮುಂದಿನ ಮೆಟ್ಟಿಲಿನ ಬಾಯಿ ಆಗಲೇ ಕಪ್ಪಾಗಿತ್ತು. ಅಗ್ನಿಶಾಮಕದವರಿಗೆ ಫೋನು ಹೋಗಿತ್ತು, ವಾಹನ ಇನ್ನೂ ಬಂದಿರಲಿಲ್ಲ. ದೊಡ್ಡ ಮಿಸ್ ಸೊಂಟದಿಂದ ಕೀಲಿ ಗೊಂಚಲು ಕಿತ್ತು, "ಹಿಂದಿನ ಕಬ್ಬಿಣದ ಮೆಟ್ಟಿಲು!" ಎಂದು ಓಡಿದರು. ಅವರು ಓಡುವುದನ್ನು ಆ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

ಮೆಟ್ಟಿಲಿನ ತುದಿಯ ಬಾಗಿಲಿಗೆ ಬೀಗ. ದೊಡ್ಡ ಮಿಸ್ ಒಂದು ಕೀಲಿ ತೂರಿಸಿದರು, ಆಗಲಿಲ್ಲ. ಇನ್ನೊಂದು. ಮೂರನೆಯದಕ್ಕೆ ತಡಕುವಾಗ ಗೊಂಚಲು ಕೈ ಜಾರಿ ಕಂಬಿಗಳ ಸಂದಿನಿಂದ ಕೆಳಗೆ ಬಿತ್ತು. ಕೆಳಗಿನಿಂದ ಒದ್ದೆ ಗೋಣಿಚೀಲ ಹಿಡಿದು ಬರುತ್ತಿದ್ದ ಗಂಟೆ ತಾತ ಅದನ್ನು ಹೆಕ್ಕಿ ಏದುಸಿರು ಬಿಡುತ್ತಾ ಮೇಲೇರಿದ. ಹೊಸ ಮಿಸ್ ಬಾಗಿಲಿಗೆ ಎರಡೂ ಕೈಯಲ್ಲಿ ಗುದ್ದುತ್ತಿದ್ದಳು. ಬೀಗ ತೆರೆದದ್ದು ತಾತನ ಕೈಗೆ.

ಒಳಗೆ ಹೊಗೆ ಸೂರಿನಿಂದ ಕೆಳಗೆ ಜೋತಾಡುತ್ತಿತ್ತು. ಗೋಣಿ ಹೊದ್ದು ಹೊಸ ಮಿಸ್ ನೆಲಕ್ಕೆ ಬಾಗಿ ತೆವಳಿದಳು. ಹಿಂದಿನಿಂದ ದೊಡ್ಡ ಮಿಸ್ ಕೆಮ್ಮುವುದು ಕೇಳುತ್ತಿತ್ತು. ಗೋಡೆ ತಡವುತ್ತಾ ನಕ್ಷೆ ಕೋಣೆಯ ಚೌಕಟ್ಟು ಸಿಕ್ಕಿತು. ಬಾಗಿಲು ಅರೆ ತೆರೆದಿತ್ತು.

"ಮಗೂ! ಎಲ್ಲಿದ್ದೀಯೇ? ಮಾತಾಡು!"

ಮಾತಿಲ್ಲ. ಅವಳು ಗಂಟಲು ಹರಿಯುವಂತೆ ಕೂಗಿದಳು. ಆ ಮಗುವಿನ ಬಾಯಿಂದ ಒಂದು ಕೆಟ್ಟ ಜೋಕು ಬಂದರೂ ಸಾಕು ಎನಿಸಿತು. ಏನೂ ಇಲ್ಲ. ಅವಳ ಮಂಡಿಗೆ ಚೆಲ್ಲಿದ ಮಣಿಗಳು ಒತ್ತಿದವು. ಮೇಜಿನ ಕಾಲು ಸಿಕ್ಕಿತು. ಮೇಜಿನ ಕೆಳಗೆ, ಸುರುಳಿ ಸುತ್ತಿದ ನಕ್ಷೆಗಳ ಹಿಂದೆ ಒಂದು ಬೆಚ್ಚನೆಯ ಪಾದ.

ಚಿನಕುರಳಿ ಎರಡೂ ಅಂಗೈಗಳನ್ನು ಬಾಯಿಗೆ ಒತ್ತಿ ಹಿಡಿದು ಮುದುಡಿ ಕೂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಮಸಿಯಲ್ಲಿ ಗೆರೆ ಎಳೆದಿತ್ತು. ಮಿಸ್‌ನ ಮುಖ ಕಂಡದ್ದೇ ಕೈಯನ್ನು ಒಂದಿಷ್ಟೇ ಸರಿಸಿದಳು.

"ಕರೆದ್ರಾ ಮಿಸ್?" ಎಂದು ಪಿಸುಗುಟ್ಟಿದಳು.

"ಕರೆದೆ ಕಂದಾ. ಕರೆದೆ, ಕರೆದೆ, ಬಾ."

ಮಗುವನ್ನು ಎದೆಗೆ ಅವುಚಿಕೊಂಡು ಹೊಸ ಮಿಸ್ ಹೇಗೆ ತೆವಳಿದಳೋ, ದೊಡ್ಡ ಮಿಸ್ ಎಲ್ಲಿ ರಟ್ಟೆ ಹಿಡಿದು ಎಳೆದರೋ, ಕಬ್ಬಿಣದ ಮೆಟ್ಟಿಲಿನ ಗಾಳಿ ಮುಖಕ್ಕೆ ಯಾವಾಗ ಬಡಿಯಿತೋ. ಅಂಗಳಕ್ಕೆ ಬಂದು ಕೂತಾಗ ಕೆಂಪು ವಾಹನ ಗೇಟಿನೊಳಗೆ ತಿರುಗುತ್ತಿತ್ತು.

ಮಗುವಿಗೆ ಏನೂ ಆಗಿಲ್ಲ, ಸ್ವಲ್ಪ ಹೊಗೆ ಕುಡಿದಿದ್ದಾಳೆ ಅಷ್ಟೇ ಎಂದರು ಡಾಕ್ಟರು. ಆಸ್ಪತ್ರೆಯ ಮೊಗಸಾಲೆಗೆ ಅವಳ ತಾಯಿ ಓಡಿ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುವವಳು. ತೋಳಿನ ತುಂಬ ದಾರದ ಚೂರುಗಳು ಅಂಟಿದ್ದವು. ಮಗಳ ಮೈಯೆಲ್ಲ ಸವರಿ ನೋಡಿ ಎದ್ದು ನಿಂತಳು.

"ಎಲ್ಲಾ ಮಕ್ಕಳು ಹೊರಗೆ ಬಂದಾಗ ನನ್ ಮಗಳೊಬ್ಬಳೇ ಯಾಕೆ ಒಳಗಿದ್ಳು?"

ದೊಡ್ಡ ಮಿಸ್ ಬಾಯಿ ತೆರೆದರು. ಅಷ್ಟರಲ್ಲಿ ಹೊಸ ಮಿಸ್ ಹೇಳಿಬಿಟ್ಟಳು. "ಜಾಸ್ತಿ ಮಾತಾಡ್ತಾಳೆ ಅಂತ ನಾನೇ ಆ ಕೋಣೆಗೆ ಕಳಿಸಿದ್ದೆ. ಬಾಯಿ ಮುಚ್ಕೊಂಡಿರು ಅಂದಿದ್ದೆ. ಆಮೇಲೆ ಮರೆತೆ."

ತಾಯಿ ಅವಳನ್ನೇ ನೋಡಿದಳು. ಹೊಡೆದಿದ್ದರೆ ಹಗುರವಾಗುತ್ತಿತ್ತು. ತಾಯಿ ಮಗಳನ್ನು ಎತ್ತಿಕೊಂಡು ಹೋದಳು.

ದೊಡ್ಡ ಮಿಸ್ ಬೆಂಚಿನ ಮೇಲೆ ಕುಸಿದು ಕೂತರು. ಕನ್ನಡಕ ತೆಗೆದಿದ್ದರು, ಬರಿಗಣ್ಣಿನಲ್ಲಿ ಅವರಿಗೆ ವಯಸ್ಸಾದಂತೆ ಕಾಣುತ್ತಿತ್ತು. "ಎಲ್ಲಾ ಇದ್ದಾರೆ ಅಂತ ನಾನು ಗುರುತು ಹಾಕಿಬಿಟ್ಟಿದ್ದೆ. ಆ ಮಗು ಮಣ್ಣಲ್ಲಿ ಬರೀದೆ ಹೋಗಿದ್ರೆ..." ಎಂದರು. ಹೊಸ ಮಿಸ್ ಪಕ್ಕದಲ್ಲಿ ಕೂತಳು. ಕಮಿಟಿಯ ಮಾತನ್ನು ಅವರಿಬ್ಬರೂ ಎತ್ತಲಿಲ್ಲ. ಅದು ಬರುವುದು ಇದ್ದೇ ಇತ್ತು.

ಗೋಡೆಯ ಮಸಿ ತೊಳೆದು ತಂತಿ ಬದಲಿಸುವ ತನಕ ಚಿಕ್ಕ ಕ್ಲಾಸುಗಳು ಕೆಳಗಿನ ಹಜಾರದಲ್ಲಿ ನಡೆದವು. ಮಕ್ಕಳು ಕುರ್ಚಿ ಎಳೆದ ಸದ್ದಿಗೂ ಹೊಸ ಮಿಸ್ ಬೆಚ್ಚುತ್ತಿದ್ದಳು. ಪಾಠದ ನಡುವೆ ಮಾತು ನಿಲ್ಲಿಸಿ ತಲೆ ಎಣಿಸುತ್ತಿದ್ದಳು, ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಚಿನಕುರಳಿಯ ಜಾಗ ಖಾಲಿ ಇತ್ತು.

ಒಂದು ಬೆಳಗ್ಗೆ ಅವಳು ಬಂದಳು, ತಾಯಿಯ ಬೆರಳು ಹಿಡಿದು. ಬಿಟ್ಟರೆ ಅಳುತ್ತಾಳೆಂದು ತಾಯಿಯೂ ಕ್ಲಾಸಿನ ಹಿಂದುಗಡೆ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಳು. ಮಗಳು ಅವಳಿಗೆ ಒರಗಿ ಕೂತಳು. ತುಟಿ ಬಿಚ್ಚಲಿಲ್ಲ. ಪಿಸಿಪಿಸಿ ತನ್ನ ಹಾಳೆ ಎತ್ತಿಕೊಂಡು ಹೋಗಿ ಅವಳ ಪಕ್ಕ ಜಾಗ ಮಾಡಿಕೊಂಡಳು.

ಆ ತಾಯಿಯ ಕಣ್ಣೆದುರು ಬೋರ್ಡಿನ ಮೇಲೆ ಬರೆಯುವಾಗ ಹೊಸ ಮಿಸ್‌ನ ಅಕ್ಷರ ಸೊಟ್ಟಗಾಯಿತು. ಹದಿನೈದು ಮಕ್ಕಳು. ಒಂದು ಬೆಂಚಿಗೆ ನಾಲ್ಕು ಜನ. ಎಷ್ಟು ಬೆಂಚು ಬೇಕು?

"ಮಾತಾಡ್ಕೊಂಡು ಬರೀರಿ" ಎಂದಳು. ಪಿಸಿಪಿಸಿ ಬೆಂಚುಗಳ ಚಿತ್ರ ಹಾಕತೊಡಗಿದಳು. ತಾಯಿ ಬಗ್ಗಿ ಅದನ್ನೇ ನೋಡುತ್ತಿದ್ದವಳು ತನ್ನಷ್ಟಕ್ಕೆ ಎಂಬಂತೆ, "ಮೂರು ಸಾಕಲ್ಲ" ಎಂದಳು.

ಚಿನಕುರಳಿ ತಲೆ ಎತ್ತಿದಳು. ಪಿಸಿಪಿಸಿಯ ಚಿತ್ರದ ಬೆಂಚುಗಳ ಮೇಲೆ ಬೆರಳಾಡಿಸಿದಳು.

"ಮೂರು ಬೆಂಚಲ್ಲಿ ಹನ್ನೆರಡೇ ಜನ ಅಮ್ಮ" ಎಂದಳು ಕೊನೆಗೆ, ಮೆಲ್ಲಗೆ. "ಉಳಿದವರು ಎಲ್ಲಿ ಹೋಗ್ಬೇಕು? ಹೊರಗಾ?"

ತಾಯಿ ಮಗಳ ಕೂದಲು ಸರಿಪಡಿಸಿದಳು.

"ಹೊರಗ್ಯಾಕೆ? ಒತ್ಕೊಂಡು ಕೂತ್ಕೊಳ್ಲಿ."

"ಒತ್ಕೊಂಡ್ರೆ ಒಂದೊಂದರಲ್ಲಿ ಐದಾಗುತ್ತೆ!"

"ಆಗ್ಲಿ. ಐದು ಜನ ಕೂರೋಕಾಗಲ್ವಾ?"

"ಲೆಕ್ಕದಲ್ಲಿ ನಾಲ್ಕು ಅಂತಿದೆ ಅಮ್ಮ! ಮಿಸ್ ಬರೆದಿದ್ದಾರೆ ನೋಡು, ನಾಲ್ಕು!" ಚಿನಕುರಳಿ ಎದ್ದು ನಿಂತಿದ್ದಳು. "ನಾಲ್ಕು ಬೆಂಚು ಹಾಕ್ಬೇಕು. ಆಗ ಒಂದು ಜಾಗ ಮಿಗುತ್ತೆ."

"ಆ ಜಾಗ ನಂಗೆ" ಎಂದ ಯಾರೋ ಮುಂದಿನವನು.

"ನೀನು ಆಗ್ಲೇ ಹದಿನೈದರಲ್ಲಿ ಸೇರಿದ್ದೀಯಲ್ಲೋ!"

ಹಜಾರದಲ್ಲಿ ಗದ್ದಲವೆದ್ದಿತು. ಹೊಸ ಮಿಸ್ ಹಳೆಯ ಅಭ್ಯಾಸದಂತೆ ಬಾಗಿಲತ್ತ ನೋಡಿದಳು, ಆದರೆ ಯಾರನ್ನೂ ಸುಮ್ಮನಿರಿಸಲಿಲ್ಲ. ಎರಡನ್ನೂ ಬೋರ್ಡಿನ ಮೇಲೆ ಬರೆದಳು: ತಾಯಿಯ ಮೂರು ಬೆಂಚು, ಐದೈದು ಜನ, ಮಗಳ ನಾಲ್ಕು ಬೆಂಚು, ಒಂದು ಜಾಗ ಖಾಲಿ.

ಕಾರ್ಖಾನೆಗೆ ಹೊತ್ತಾಗಿತ್ತು. ತಾಯಿ ಎದ್ದಾಗ ಚಿನಕುರಳಿ ವಾದದ ನಡುವೆಯೇ ತಿರುಗಿ ನೋಡಿದಳು, ಮುಖ ಒಂದು ಸಲ ಚಿಕ್ಕದಾಯಿತು, ಆದರೆ ಬೆರಳು ಹಿಡಿಯಲಿಲ್ಲ.

ತಾಯಿ ಬಾಗಿಲ ಹತ್ತಿರ ಹೊಸ ಮಿಸ್‌ನ ಎದುರು ನಿಂತಳು.

"ಇವಳನ್ನ ಒಬ್ಬಳನ್ನೇ ಎಲ್ಲಿಗೂ ಕಳಿಸ್ಬೇಡಿ" ಎಂದಳು.

"ಇಲ್ಲ" ಎಂದಳು ಹೊಸ ಮಿಸ್.

ತಾಯಿ ಇನ್ನೂ ಒಂದಿಷ್ಟು ಹೊತ್ತು ಅವಳ ಮುಖ ನೋಡಿದಳು, ಆ ಮಾತನ್ನು ನಂಬಬಹುದೇ ಎಂದು ತೂಗುವವಳಂತೆ. ಆಮೇಲೆ ಗೇಟಿನತ್ತ ನಡೆದಳು.